ಪಾಯ್ಸನ್ ಓಕ್ ಎಣ್ಣೆ ಮತ್ತು ಪಾತ್ರೆ ತೊಳೆಯುವ ಸೋಪು

ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ಚಳಿಗಾಲ. ಸಾಂತಾ ಕ್ರೂಜ್ ಬೆಟ್ಟದಲ್ಲಿ ನಡೆಯುತ್ತಾ ದಾರಿಗೆ ಬಾಗಿದ್ದ ಒಣ ಕಡ್ಡಿಗಳನ್ನು ಕೈಯಿಂದ ಸರಿಸಿದೆ. ಮೂರು ಮೂರು ಎಲೆ ಇರುವ ಪಾಯ್ಸನ್ ಓಕ್ ಗಿಡ ಮುಟ್ಟಬೇಡ ಅಂತ ಗೆಳೆಯರು ಹೇಳಿದ್ದರು, ನಿಜ. ಆದರೆ ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿರುತ್ತದೆ. ತುರಿಕೆ ಎಬ್ಬಿಸುವ ಅದರ ಎಣ್ಣೆ ಮಾತ್ರ ಕಡ್ಡಿಯಲ್ಲೂ ಇರುತ್ತದೆ!

ವಾಪಸ್ ಬರುವಾಗ ಜೊತೆಗಿದ್ದವರು ಅದನ್ನು ತೋರಿಸಿದರು. ನನಗೆ ನೆನಪಾಗಿದ್ದು ಹಲಸಿನ ಮೇಣ. ಕೊಬ್ಬರಿ ಎಣ್ಣೆ ಹಚ್ಚಿದರೆ ಮೇಣ ಬಿಡುತ್ತದೆ ಅಲ್ವಾ? ಮನೆಗೆ ಬಂದು ಮೊಣಕೈವರೆಗೆ ಧಾರಾಳವಾಗಿ ಸವರಿಕೊಂಡು ಸುಮ್ನೆ ಮಲಗಿದೆ. ಒರೆಸಲೂ ಇಲ್ಲ. ಮೂರನೇ ದಿನಕ್ಕೆ ಕೈಯೆಲ್ಲ ಕೆಂಪು, ಆಮೇಲೆ ನೀರುಗುಳ್ಳೆ. ಕಡ್ಡಿ ತಾಗಿದ್ದು ಮಣಿಕಟ್ಟಿಗೆ, ತುರಿಕೆ ಮೊಣಕೈವರೆಗೆ. ಹರಡಿದವನು ನಾನೇ.

ಪಾಯ್ಸನ್ ಓಕ್‌ನ ಈ ಎಣ್ಣೆಯ ಹೆಸರು ಉರುಶಿಯಾಲ್. ಮಾವು, ಗೇರಿನ ಕುಟುಂಬದ್ದೇ ಗಿಡ. ಮಾವಿನ ಸೊನೆಗೆ ತುಟಿ ಸುಟ್ಟುಕೊಂಡವರಿಗೆ, ಹಸಿ ಗೇರುಬೀಜ ಸುಲಿದವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತದೆ. ಬರೀ ನೀರಿಗೆ ಇದು ಜಗ್ಗುವುದಿಲ್ಲ. ತಾಗಿದ ಕೆಲವೇ ನಿಮಿಷಗಳಲ್ಲಿ ಚರ್ಮಕ್ಕೆ ಇಳಿಯಲು ಶುರುವಾಗುತ್ತದೆ.

ಎರಡನೇ ಸಲ ತಾಗಿದಾಗ ಎಣ್ಣೆಸ್ನಾನದ ಲೆಕ್ಕ ಹಿಡಿದೆ. ಅಭ್ಯಂಜನದ ಜಿಡ್ಡು ಸುಮ್ನೆ ನೀರು ಹೊಯ್ದರೆ ಹೋಗುತ್ತದಾ? ಸೀಗೆಪುಡಿ ಹಾಕಿ ತಿಕ್ಕಬೇಕು. ಇಲ್ಲಿ ಸೀಗೆಪುಡಿಯ ಜಾಗಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು. ಒಣ ಕೈಗೇ ಸೋಪು ಹಾಕಿ, ಒರಟು ಬಟ್ಟೆಯಿಂದ ಬೆರಳ ಸಂದು, ಉಗುರಿನ ಕೆಳಗೆ, ಮಣಿಕಟ್ಟಿನ ಸುತ್ತ ತಿಕ್ಕಿದೆ. ಚರ್ಮ ಸುಲಿಯುವಷ್ಟಲ್ಲ, ಬಾಣಲೆಯ ಜಿಡ್ಡು ತೆಗೆಯುವಷ್ಟು. ಆಮೇಲೆ ಹರಿಯುವ ತಣ್ಣೀರು. ಹೀಗೆ ಮೂರು ಸಲ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲಿಂದ. ಕಾರಿನ ಹತ್ತಿರವೇ ಮಾಡಿದ್ದರಿಂದ ಹೆಚ್ಚು ತಡವಾಗಿರಲಿಲ್ಲ. ಆ ಸಲ ಎದ್ದಿದ್ದು ನಾಲ್ಕೈದು ಗುಳ್ಳೆ, ಅಷ್ಟೇ.

ಗುಳ್ಳೆ ಎದ್ದ ಮೇಲೆ ಎಷ್ಟು ತಿಕ್ಕಿದರೂ ದಂಡ. ಆಗ ತುರಿಕೆಗೆ ತಣ್ಣೀರ ಬಟ್ಟೆ, ಕ್ಯಾಲಮೈನ್ ಲೋಷನ್, ಓಟ್ಸ್ ಪುಡಿ ಕದಡಿದ ನೀರು ನನಗೆ ಆರಾಮ ಕೊಟ್ಟವು. ನಿಂಬೆರಸ ಹಚ್ಚಿ ನೋಡಿದ್ದೂ ಉಂಟು, ಉರಿದು ಕುಣಿದೆ! ಗುಳ್ಳೆ ನೀರಿನಿಂದ ಇದು ಹರಡುವುದಿಲ್ಲ, ಹೆಂಡತಿ ಸುಮ್ನೆ ಹೆದರಿ ಬೇರೆ ಟವೆಲ್ ಕೊಟ್ಟಿದ್ದಳು. ಮುಖ, ಕಣ್ಣು ಊದಿದರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಓಡಬೇಕು.

ಎಲ್ಲ ಮುಗಿಯಿತು ಅಂದುಕೊಂಡ ತಿಂಗಳ ಮೇಲೆ ಬೆರಳ ತುದಿಯಲ್ಲಿ ಮತ್ತೆ ಗುಳ್ಳೆ. ಬೆಟ್ಟಕ್ಕೆ ಹೋಗಿರಲೇ ಇಲ್ಲ. ಯೋಚಿಸಿ ಯೋಚಿಸಿ ಕೊನೆಗೆ ಹೊಳೆಯಿತು: ಬಟ್ಟೆ ಒಗೆದಿದ್ದೆ, ಷೂ ಒರೆಸಿದ್ದೆ, ಲೇಸ್ ಮಾತ್ರ ಹಾಗೇ ಬಿಟ್ಟಿದ್ದೆ.