ಋಣ ಸಂಖ್ಯೆಗಳಲ್ಲಿ ‘ದೊಡ್ಡದು’ ಯಾವುದು? ಕಲಿಸುತ್ತ ನಾನು ಕಲಿತದ್ದು

ಪೂರ್ಣಾಂಕಗಳನ್ನು ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ನಾನು ಸಾಲದ ಲೆಕ್ಕದಿಂದಲೇ ಪಾಠ ಆರಂಭಿಸುತ್ತಿದ್ದೆ. ಋಣವೆಂದರೆ ಸಾಲ ತಾನೇ? ಬ್ರಹ್ಮಗುಪ್ತ 628ರಲ್ಲಿ ಈ ಸಂಖ್ಯೆಗಳ ನಿಯಮಗಳನ್ನು ಬರೆದದ್ದೂ ಧನ, ಋಣ ಎಂಬ ಮಾತುಗಳಲ್ಲಿಯೇ. ಒಂದು ದಿನ −7 ಮತ್ತು −3ರಲ್ಲಿ ಯಾವುದು ದೊಡ್ಡದು ಎಂದು ಕೇಳಿದೆ. “−7 ಸರ್. ಏಳರ ಸಾಲ ಮೂರರ ಸಾಲಕ್ಕಿಂತ ದೊಡ್ಡದಲ್ಲವೇ?” ಎಂದಳು ಒಬ್ಬ ಹುಡುಗಿ. ಅವಳು ಹೇಳಿದ್ದು ನಿಜ. ಸಾಲ ದೊಡ್ಡದೇ.

ತೊಡಕು ಇದ್ದದ್ದು ನನ್ನ ಪ್ರಶ್ನೆಯಲ್ಲಿ. ಸೊನ್ನೆಯಿಂದ ಯಾವುದು ಹೆಚ್ಚು ದೂರ ಎಂಬುದನ್ನು ಅವಳು ನೋಡಿದ್ದಳು. ಸಂಖ್ಯಾರೇಖೆಯಲ್ಲಿ ಯಾವುದು ಬಲಕ್ಕಿದೆ ಎಂಬುದು ನನಗೆ ಬೇಕಿತ್ತು. ಎರಡಕ್ಕೂ ‘ದೊಡ್ಡದು’ ಎಂಬ ಒಂದೇ ಪದ.

ಈಗ ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು −10ರಿಂದ 10ರವರೆಗೆ ಗುರುತು ಹಾಕುತ್ತೇನೆ. ಒಬ್ಬರು −7ರ ಮೇಲೆ, ಇನ್ನೊಬ್ಬರು −3ರ ಮೇಲೆ ಬಲಕ್ಕೆ ಮುಖಮಾಡಿ ನಿಲ್ಲುತ್ತಾರೆ. ಇಬ್ಬರೂ ಹತ್ತು ಮನೆ ಮುಂದೆ ನಡೆಯಬೇಕು. ಮೊದಲನೆಯವರು 3ಕ್ಕೆ ಬಂದರೆ ಎರಡನೆಯವರು 7ಕ್ಕೆ. ಹೊರಡುವಾಗ ಮುಂದಿದ್ದವರು ಈಗಲೂ ಮುಂದೆಯೇ! ಎರಡಕ್ಕೂ ಒಂದೇ ಸಂಖ್ಯೆ ಕೂಡಿದರೆ ಕ್ರಮ ಕೆಡುವುದಿಲ್ಲ ಎಂಬುದನ್ನು ನಾನು ಹೇಳುವ ಮೊದಲೇ ಮಕ್ಕಳು ಹೇಳಿಬಿಡುತ್ತಾರೆ.

‘ಮೈನಸ್ ಇದ್ದರೆ ಉಲ್ಟಾ’ ಎಂದು ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಕಲಿತವರು −3 ಮತ್ತು 7 ಎದುರಾದಾಗಲೂ ಉಲ್ಟಾ ಮಾಡಿ, −3 ದೊಡ್ಡದೆಂದು ಬರೆಯುತ್ತಾರೆ.

ದಶಮಾಂಶಗಳು ಬಂದಾಗ ಇನ್ನೂ ಎಚ್ಚರ ಬೇಕು. −2.3 ಮತ್ತು −2.25ರಲ್ಲಿ −2.25 ದೊಡ್ಡದೆಂದು ಒಬ್ಬ ಬರೆದಿದ್ದ. ಉತ್ತರ ಸರಿ. ಕಾರಣ ಕೇಳಿದರೆ, “ಮೂರಕ್ಕಿಂತ ಇಪ್ಪತ್ತೈದು ದೊಡ್ಡದು” ಎಂದ. ದಶಮಾಂಶ ಸ್ಥಾನವನ್ನೂ ಮರೆತಿದ್ದ, ಋಣ ಚಿಹ್ನೆಯನ್ನೂ ಮರೆತಿದ್ದ. ಎರಡು ತಪ್ಪು ಸೇರಿ ಸರಿಯುತ್ತರ ಹೊರಬಿದ್ದಿತ್ತು. ಅಂದಿನಿಂದ ಉತ್ತರ ಸರಿಯಿದ್ದರೂ ಕಾರಣ ಕೇಳುತ್ತೇನೆ. ಮೊದಲನೆಯದನ್ನು −2.30 ಎಂದು ಬರೆದುಕೊಂಡು ಆಮೇಲೆ ಗೆರೆಯ ಮೇಲೆ ಗುರುತಿಸಲು ಹೇಳುತ್ತೇನೆ.

ಸಾಲದ ಉದಾಹರಣೆಯನ್ನು ನಾನು ಕೈಬಿಟ್ಟಿಲ್ಲ. ‘ಯಾರ ಸಾಲ ದೊಡ್ಡದು?’ ಎಂದು ಕೇಳಿದ ಮೇಲೆ ‘ಯಾರ ಸ್ಥಿತಿ ಮೇಲು?’ ಎಂದೂ ಕೇಳುತ್ತೇನೆ. ಎರಡೂ ಉತ್ತರಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಸುತ್ತೇನೆ.