ಹೊರಗೆ ಬೇರೆ ಭಾಷೆ, ಮನೆಯಲ್ಲಿ ಕನ್ನಡ: ಪರದೇಶದಲ್ಲಿ ಪುಟ್ಟ ಮಗುವಿನ ದಿನಚರಿಗೆ ಮಾತು ಸೇರಿಸುವ ಬಗೆ

ಪರದೇಶದಲ್ಲಿ ಬೆಳೆಯುತ್ತಿರುವ ಮಗುವಿಗೆ ಕನ್ನಡ ಬರಲಿ ಎಂದು ವಾರಕ್ಕೊಂದು ತರಗತಿ ಹುಡುಕುವ ಮೊದಲು ಒಂದು ಲೆಕ್ಕ ಹಾಕಿ. ಎರಡು ವರ್ಷದ ಮಗು ಹಗಲು ನಿದ್ದೆಯೂ ಸೇರಿ ದಿನಕ್ಕೆ ಸುಮಾರು 13 ಗಂಟೆ ಮಲಗುತ್ತದೆ. ಎಚ್ಚರವಿರುವುದು 11 ಗಂಟೆ, ವಾರಕ್ಕೆ 77. ವಾರದಲ್ಲಿ ಐದು ದಿನ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಡೇಕೇರ್‌ನಲ್ಲಿದ್ದರೆ, ಅಲ್ಲಿನ ಎರಡು ಗಂಟೆಯ ನಿದ್ದೆ ಕಳೆದು, 30 ಗಂಟೆ ಹೊರಗಿನ ಭಾಷೆಗೆ ಹೋಯಿತು. ಮನೆಯ ಪಾಲಿಗೆ 47 ಉಳಿಯಿತು. ಇದರಲ್ಲಿ ಟಿವಿ ಓಡುವ ಹೊತ್ತು, ಕಾರಿನಲ್ಲಿ ಸುಮ್ಮನೆ ಕೂತ ಹೊತ್ತು, ಅಪ್ಪ ಅಮ್ಮ ಫೋನಿನಲ್ಲಿ ಮುಳುಗಿರುವ ಹೊತ್ತನ್ನೆಲ್ಲ ಕಳೆಯಿರಿ. ಮಗುವಿನ ಮುಖ ನೋಡಿಕೊಂಡು ನಿಜವಾಗಿ ಕನ್ನಡ ಆಡಿದ್ದು ಎಷ್ಟು ಎಂದು ಒಂದು ವಾರ ಚೀಟಿಯಲ್ಲಿ ಬರೆದಿಡಿ. ಎಚ್ಚರದ ಹೊತ್ತಿನ ಕಾಲು ಭಾಗ, ಅಂದರೆ ವಾರಕ್ಕೆ 20 ಗಂಟೆಯಷ್ಟಾದರೂ ಬೇಕು. ಇದು ಅಂದಾಜಿನ ಅಳತೆ, ಗೆರೆ ಎಳೆದ ಹಾಗಲ್ಲ. ಆದರೆ ಬಹಳ ಕೆಳಗಿಳಿದರೆ ಮಗುವಿಗೆ ಕನ್ನಡ ಅರ್ಥವಾಗುತ್ತದೆ, ತಿರುಗಿ ಆಡಲು ಬಾಯಿ ಬರುವುದಿಲ್ಲ.

20 ಗಂಟೆ ಹೊಂದಿಸುವುದು ಕಷ್ಟವಲ್ಲ. ಬೆಳಿಗ್ಗೆ ಬಟ್ಟೆ ಹಾಕುವುದಕ್ಕೆ 20 ನಿಮಿಷ, ತಿಂಡಿಗೆ 20, ಡೇಕೇರ್‌ಗೆ ಹೋಗುವ ಬರುವ ದಾರಿಗೆ 15ರಂತೆ 30, ಸ್ನಾನಕ್ಕೆ 20, ರಾತ್ರಿ ಊಟಕ್ಕೆ 20, ಮಲಗಿಸುವಾಗ 20. ಎರಡು ಗಂಟೆಗೂ ಮೇಲಾಯಿತು. ರಜಾದಿನಕ್ಕೆ ಐದೈದು ಗಂಟೆ ಸೇರಿದರೆ ಮುಗಿಯಿತು. ಹೊಸದಾಗಿ ಸಮಯ ಹುಡುಕಬೇಕಿಲ್ಲ, ಇರುವ ಕೆಲಸಕ್ಕೆ ಮಾತು ಅಂಟಿಸಬೇಕು. ಒಂದೇ ಕೆಲಸ ದಿನವೂ ಅದೇ ಹೊತ್ತಿಗೆ, ಅದೇ ಮಾತಿನೊಂದಿಗೆ ಬಂದಾಗ ಮಗು ಅದನ್ನು ಬೇಗ ಹಿಡಿಯುತ್ತದೆ.

ಸೋರಿಕೆ ಎಲ್ಲಿ?

ಮನೆಯ ಕನ್ನಡ ಸೋರುವುದು ಮಗುವಿನ ಬಾಯಿಂದಲ್ಲ, ನಮ್ಮ ಬಾಯಿಂದ. ಮುಖ್ಯ ಕಾರಣ 'ಮಾಡು' ಎಂಬ ಒಂದು ಪದ. 'ಹ್ಯಾಂಡ್ ವಾಶ್ ಮಾಡು', 'ಟೇಬಲ್ ಕ್ಲೀನ್ ಮಾಡು', 'ಶೂ ವೇರ್ ಮಾಡ್ಕೋ', 'ಮಿಲ್ಕ್ ಡ್ರಿಂಕ್ ಮಾಡು' ಎಂದು ಹೇಳುವಾಗ ಕನ್ನಡ ಆಡಿದೆವು ಅನ್ನಿಸುತ್ತದೆ. ಮಗುವಿನ ಕಿವಿಗೆ ಬಿದ್ದ ಕನ್ನಡ ಕ್ರಿಯಾಪದ ಒಂದೇ. ಹೀಗೆ ನಾಲ್ಕು ವರ್ಷ ಕಳೆದರೆ ಅದರ ಕನ್ನಡದಲ್ಲಿ 'ಮಾಡು' ಬಿಟ್ಟು ಬೇರೇನೂ ಇರುವುದಿಲ್ಲ.

ಸೇಬು, ಬಸ್ಸು, ಫೋನಿನಂಥ ವಸ್ತುಗಳ ಹೆಸರು ಯಾವ ಭಾಷೆಯದ್ದಾದರೂ ಇರಲಿ, ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಕ್ರಿಯಾಪದ ಕಾಪಾಡಿ. 'ಕ್ಲೀನ್' ಎಂಬ ಒಂದೇ ಪದದ ಜಾಗದಲ್ಲಿ ಕನ್ನಡಕ್ಕೆ ಎಷ್ಟಿವೆ ನೋಡಿ: ಕೈ ತೊಳೆ, ಮೂಗು ಒರೆಸು, ಹಲ್ಲು ಉಜ್ಜು, ಬಟ್ಟೆ ಒಗೆ, ನೆಲ ಗುಡಿಸು. ತಿನ್ನುವುದರಲ್ಲೂ ಹಾಗೆಯೇ: ಕಚ್ಚು, ಅಗಿ, ನುಂಗು, ಚೀಪು, ನೆಕ್ಕು, ಕುಡಿ. ಒಂದು ವಾರಕ್ಕೆ ಒಂದು ಜಾಗ ಆರಿಸಿಕೊಳ್ಳಿ. ಮೊದಲ ವಾರ ಬಚ್ಚಲು, ಎರಡನೆಯ ವಾರ ಊಟದ ಮೇಜು, ಮೂರನೆಯ ವಾರ ಚಪ್ಪಲಿ ಬಿಡುವ ಬಾಗಿಲು. ಆ ಜಾಗದ ಆರೇಳು ಕ್ರಿಯಾಪದಗಳನ್ನು ದಪ್ಪ ಅಕ್ಷರದಲ್ಲಿ ಬರೆದು ದೊಡ್ಡವರ ಕಣ್ಣಿನ ಮಟ್ಟಕ್ಕೆ ಅಂಟಿಸಿ. ಅದು ಮಗುವಿಗಲ್ಲ, ನಿಮಗೆ. ದಣಿದ ಸಂಜೆ ನಾಲಿಗೆ ತಾನಾಗಿ ಕಚೇರಿಯ ಭಾಷೆಗೆ ಜಾರುತ್ತದೆ, ಆ ಚೀಟಿ ಹಿಡಿದು ನಿಲ್ಲಿಸುತ್ತದೆ.

ಬಣ್ಣ ಮತ್ತು ಎಣಿಕೆ ಬೇಗ ಕೈತಪ್ಪುವ ಇನ್ನೆರಡು. ಡೇಕೇರ್‌ನಲ್ಲಿ ಇವನ್ನು ಹಾಡಾಗಿ ಕಲಿಸುತ್ತಾರೆ, ಮನೆಯಲ್ಲಿ ನಾವೂ ಅದನ್ನೇ ಹೇಳಿಸಿ ಖುಷಿಪಡುತ್ತೇವೆ. ಮೆಟ್ಟಿಲು ಹತ್ತುವಾಗ, ಗುಂಡಿ ಹಾಕುವಾಗ ಕನ್ನಡದಲ್ಲೇ ಎಣಿಸಿ. ಮನುಷ್ಯರನ್ನು ಬೇರೆಯಾಗಿ ಎಣಿಸುವುದನ್ನು ಮರೆಯಬೇಡಿ: ಚಮಚ ಎರಡು, ಅಜ್ಜಿಯರು ಇಬ್ಬರು, ಮಕ್ಕಳು ಮೂವರು.

ಮಗು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೆ

ಡೇಕೇರ್ ಶುರುವಾದ ಕೆಲವು ತಿಂಗಳಿಗೆ ಇದು ಬಂದೇ ಬರುತ್ತದೆ. 'ಕನ್ನಡದಲ್ಲಿ ಹೇಳು' ಎಂದು ಗದರಿದರೆ ಮಗು ಮಾತನ್ನೇ ನಿಲ್ಲಿಸುತ್ತದೆ; ಅದಕ್ಕೆ ಬೇಕಾಗಿದ್ದುದು ನೀರು, ಸಿಕ್ಕಿದ್ದು ಪರೀಕ್ಷೆ. ಮೊದಲು ಕೇಳಿದ್ದನ್ನು ಕೊಡಿ ಅಥವಾ ಕೊಡುವಂತೆ ಕೈಚಾಚಿ. ಜತೆಗೇ ಅದರ ಮಾತನ್ನು ಕನ್ನಡದಲ್ಲಿ ಹೇಳಿ: 'ನೀರು ಬೇಕಾ ನಿಂಗೆ? ಬಾಯಾರಿಕೆ ಆಯ್ತಾ?' ಆಮೇಲೆ ಹೌದು, ಇಲ್ಲ ಎಂದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ: 'ದೊಡ್ಡ ಲೋಟದಲ್ಲಾ, ಚಿಕ್ಕ ಲೋಟದಲ್ಲಾ?' ಉತ್ತರ ಪ್ರಶ್ನೆಯೊಳಗೇ ಇರುವುದರಿಂದ ಮಗುವಿಗೆ ಪದ ಹುಡುಕುವ ಕಷ್ಟವಿಲ್ಲ. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ಎರಡನೆಯ ಸೆಕೆಂಡಿಗೇ ನಾವೇ ಉತ್ತರ ಹೇಳಿಬಿಟ್ಟರೆ ಮಗು ಏಕೆ ಮಾತಾಡಬೇಕು? ಉತ್ತರ ಬರದಿದ್ದರೆ ಬಿಡಿ, ಮುಂದಿನ ಸಲ ಇದೆ.

ವ್ಯಾಕರಣ ತಪ್ಪಿದಾಗಲೂ ಇದೇ ದಾರಿ. 'ನಾನು ಬೇಕು' ಅಂದರೆ 'ತಪ್ಪು' ಎನ್ನದೆ 'ನಿಂಗೂ ಬೇಕಾ? ನಂಗೂ ಬೇಕು' ಎಂದು ಸರಿಯಾದದ್ದನ್ನು ಕಿವಿಗೆ ಹಾಕಿ. ಮೂರು ವರ್ಷದ ಮಗು 'ಬಾಳೆಹಣ್ಣ'ನ್ನು 'ಬಾಲೆಹಣ್ಣು' ಎಂದರೆ ಪರದೇಶದ ಗಾಳಿ ಎಂದು ಕಂಗಾಲಾಗಬೇಡಿ. ಳ, ಣ, ರ ಎಲ್ಲ ಮಕ್ಕಳಿಗೂ ತಡವಾಗಿ ಬರುವ ಸದ್ದುಗಳು. ಕೇಳುವ ಕಿವಿಯ ಕಥೆ ಮಾತ್ರ ಬೇರೆ. ಸುತ್ತ ಕೇಳಿಸದ ಭಾಷೆಯ ಸದ್ದುಗಳನ್ನು ಬೇರ್ಪಡಿಸುವ ಶಕ್ತಿ ಮೊದಲ ವರ್ಷದ ಕೊನೆಯ ಹೊತ್ತಿಗೇ ಕುಗ್ಗತೊಡಗುತ್ತದೆ. ಆದ್ದರಿಂದ ಇನ್ನೂ ಮಾತು ಬಾರದ ಕೂಸಿನ ಜತೆ ಡೈಪರ್ ಬದಲಿಸುತ್ತ ಆಡುವ ಕನ್ನಡವೂ ವ್ಯರ್ಥವಲ್ಲ.

ಬಹುವಚನ ಕೇಳದೆ ಬೆಳೆಯುವ ಮಗು

ಒಂಟಿ ಮನೆಯಲ್ಲಿ ಮಗು ಕೇಳುವುದೆಲ್ಲ 'ಬಾ, ಕೂತ್ಕೋ, ತಿನ್ನು'. ಹಿರಿಯರನ್ನು ಎದುರಿಗೆ ಮಾತಾಡಿಸುವವರು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಅಜ್ಜನಿಗೂ 'ಅಜ್ಜ, ನೀ ಬಾ' ಅನ್ನುತ್ತದೆ. ಅದು ಉದ್ಧಟತನವಲ್ಲ, ಬೇರೆ ರೂಪ ಅದರ ಬಳಿ ಇಲ್ಲ. ಅಜ್ಜಿಗೆ 'ನೀನು' ಅನ್ನುವ ಮನೆಗಳೂ ಉಂಟು, ಅಂಥಲ್ಲಿ ಚಿಂತೆಯಿಲ್ಲ. 'ನೀವು' ಬೇಕೆನ್ನುವವರು ಫೋನಿನಲ್ಲಿ ಹಿರಿಯರ ಜತೆ ಸ್ಪೀಕರ್ ಹಾಕಿ ಮಗುವಿನ ಎದುರೇ ಮಾತಾಡಲಿ. ಆಟದಲ್ಲಿ ಒಂದು ಗೊಂಬೆಯನ್ನು ಅಜ್ಜಿ ಮಾಡಿ: 'ಬನ್ನಿ ಅಜ್ಜಿ, ಕೂತ್ಕೊಳ್ಳಿ, ಏನು ಕೊಡಲಿ?' ಎರಡು ಗೊಂಬೆ ಇದ್ದರೆ 'ಅವನು ಬಂದ, ಅವಳು ಬಂದಳು, ಅಜ್ಜಿ ಬಂದರು, ನಾಯಿ ಬಂತು' ನಾಲ್ಕೂ ಒಂದೇ ಆಟದಲ್ಲಿ ಸಿಗುತ್ತವೆ.

ವಿಡಿಯೋ ಕಾಲ್ ಕೆಡುವುದು ಸಾಮಾನ್ಯವಾಗಿ ಪ್ರಶ್ನೆಗಳಿಂದ. 'ನಾನ್ಯಾರು ಹೇಳು? ಹಾಡು ಹೇಳು!' ಎಂದು ಶುರುವಾದರೆ ಮಗು ಓಡಿಹೋಗುತ್ತದೆ. ಹತ್ತು ನಿಮಿಷ ಸಾಕು, ವಾರಕ್ಕೆ ಮೂರು ನಾಲ್ಕು ಸಲ ಇರಲಿ. ಫೋನನ್ನು ಕೈಯಲ್ಲಿ ಹಿಡಿಯದೆ ಮಗುವಿನ ಕಣ್ಣಿನ ಎತ್ತರಕ್ಕೆ ಒರಗಿಸಿಡಿ. ಅಜ್ಜ ಅಜ್ಜಿಗೆ ಒಂದು ಕೆಲಸ ಕೊಡಿ: ಬಟ್ಟೆಯ ಕೆಳಗೆ ಚಮಚ ಬಚ್ಚಿಟ್ಟು 'ಎಲ್ಲಿ ಹೋಯ್ತು?' ಅನ್ನುವುದು, ಅಥವಾ ಮಗು ತಿಂಡಿ ತಿನ್ನುವಾಗ ಅವರೂ ಏನಾದರೂ ತಿನ್ನುತ್ತ ಜತೆಗಿರುವುದು. ಮಾತು ತಲುಪಲು ತುಸು ತಡವಾಗುವುದರಿಂದ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಲಿ. ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶದಲ್ಲಿದ್ದರೆ ಕರೆಯ ಹೊತ್ತು ಒಂದು ಗಂಟೆ ಜರುಗುತ್ತದೆ, ಮುಂಚೆಯೇ ತಿಳಿಸಿಡಿ.

ಡೇಕೇರ್‌ಗೆ ಒಂದು ಚೀಟಿ

ಹೊಸ ಭಾಷೆಯ ಡೇಕೇರ್‌ಗೆ ಸೇರಿದ ಮಗು ಅಲ್ಲಿ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಸುಮ್ಮನಿರಬಹುದು. ಕಿವಿ ಕೆಲಸ ಮಾಡುತ್ತಿರುತ್ತದೆ, ಬಾಯಿ ಕಾಯುತ್ತಿರುತ್ತದೆ. ಮನೆಯಲ್ಲಿ ಎಂದಿನಂತೆ ಮಾತಾಡುತ್ತಿದ್ದರೆ ಹೆದರಬೇಕಿಲ್ಲ. ಆದರೆ ಉಚ್ಚೆ ಬಂದಿದೆ ಎಂದು ಹೇಳಲಾಗದ ಸಂಕಟ ದೊಡ್ಡದು. ಹತ್ತು ಪದಗಳನ್ನು ಟೀಚರ್ ಓದಬಲ್ಲ ಲಿಪಿಯಲ್ಲಿ ಬರೆದು, ಅರ್ಥ ಬರೆದು, ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಕೊಡಿ: ನೀರು, ಹಸಿವು, ಸಾಕು, ಬೇಡ, ನೋವು, ಉಚ್ಚೆ, ಕಕ್ಕ, ನಿದ್ದೆ, ಎತ್ಕೋ, ಅಮ್ಮ ಬರ್ತಾಳೆ. ಪುಸ್ತಕದ ಪದ ಬರೆಯಬೇಡಿ. ಮಗು ನಿದ್ದೆಗೆ 'ತಾಚಿ' ಅನ್ನುವುದಾದರೆ 'ತಾಚಿ' ಎಂದೇ ಬರೆಯಿರಿ. 'ಅಮ್ಮ ಬರ್ತಾಳೆ' ಮಾತ್ರ ಟೀಚರ್ ಬಾಯಿಂದಲೇ ಬರುವಷ್ಟು ಅಭ್ಯಾಸ ಮಾಡಿಸಿ. ಮೊದಲ ವಾರದ ಅಳುವಿಗೆ ಪರಿಚಿತ ಮಾತಿನಷ್ಟು ಒದಗುವುದು ಬೇರೆ ಕಡಿಮೆ.

ಮಾತು ತಡವಾದರೆ

'ಎರಡು ಭಾಷೆಯಿಂದ ಗೊಂದಲವಾಗಿದೆ, ಮನೆಯ ಭಾಷೆ ಬಿಡಿ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಡಬೇಡಿ. ಎರಡು ಭಾಷೆ ಕೇಳುವುದು ಮಾತಿನ ತೊಂದರೆಗೆ ಕಾರಣವಲ್ಲ, ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದು ಗೊಂದಲದ ಲಕ್ಷಣವೂ ಅಲ್ಲ. ಹಾಗೆಂದು ನಿಜವಾದ ತಡವನ್ನು ಎರಡು ಭಾಷೆಯ ತಲೆಗೆ ಕಟ್ಟಿ ಕಾಯುತ್ತ ಕೂರುವುದೂ ತಪ್ಪು. ಎರಡು ವರ್ಷಕ್ಕೆ ಎರಡೂ ಭಾಷೆ ಸೇರಿ 50 ಪದವಾದರೂ ಇರಬೇಕು, 'ಹಾಲು ಬೇಕು', 'ಅಪ್ಪ ಬಂತು' ಎಂಬಂತೆ ಎರಡು ಪದ ಜೋಡಿಸುತ್ತಿರಬೇಕು. ಎಣಿಸುವಾಗ 'ಹಾಲು' ಒಂದು, ಅದಕ್ಕೆ ಹೊರಗಿನ ಭಾಷೆಯ ಪದ ಇನ್ನೊಂದು. ಇಷ್ಟಿಲ್ಲದಿದ್ದರೆ ಮೊದಲು ಕಿವಿ ಪರೀಕ್ಷೆ, ಆಮೇಲೆ ಸ್ಪೀಚ್ ಥೆರಪಿಸ್ಟ್. ಬರುತ್ತಿದ್ದ ಪದಗಳು ಮರೆತುಹೋಗುತ್ತಿದ್ದರೆ ಯಾವ ವಯಸ್ಸಿನಲ್ಲೇ ಆಗಲಿ ಕಾಯದೆ ವೈದ್ಯರನ್ನು ನೋಡಿ.

ಥೆರಪಿಸ್ಟ್ ಬಳಿ ಹೋಗುವಾಗ ಮಗು ಆಡುವ ಪದಗಳ ಪಟ್ಟಿಯನ್ನು ಭಾಷೆಗೊಂದು ಹಾಳೆಯಂತೆ ಬರೆದೊಯ್ಯಿರಿ. ಮನೆಯಲ್ಲಿ ಆಡುತ್ತಿರುವಾಗ ತೆಗೆದ ಎರಡು ನಿಮಿಷದ ಮೂರು ವಿಡಿಯೋ ಇರಲಿ, ಹೊಸ ಕೋಣೆಯಲ್ಲಿ ಮಗು ಬಾಯಿಬಿಡದೇ ಇರಬಹುದು. ಅಲ್ಲಿನ ಭಾಷೆಯಲ್ಲಿ ಮಾತ್ರ ಪರೀಕ್ಷಿಸಿದರೆ ಅರ್ಧ ಮಗುವನ್ನಷ್ಟೇ ನೋಡಿದಂತೆ. ಕನ್ನಡದ್ದೂ ಲೆಕ್ಕಕ್ಕೆ ಬರಲಿ ಎಂದು ಕೇಳಿ, ಬೇಕಿದ್ದರೆ ದುಭಾಷಿಯನ್ನು ಒದಗಿಸುತ್ತಾರೆಯೇ ಎಂದು ಭೇಟಿಯ ದಿನ ಗೊತ್ತು ಮಾಡುವಾಗಲೇ ವಿಚಾರಿಸಿ.