ಪ್ರಾಕ್ಸಿ ಸರ್ವರ್ ಕೋಡ್ ಜೊತೆಗೇ ಕೈಪಿಡಿ

ಪ್ರಾಕ್ಸಿ ಎಂದರೆ ಬ್ರೌಸರ್‌ನಂಥ ಕ್ಲೈಂಟ್ ಮತ್ತು ಮೂಲ ಸೈಟಿನ ನಡುವೆ ನಿಲ್ಲುವ ಸರ್ವರ್. ಓಪನ್ ಸೋರ್ಸ್ ಪ್ರಾಕ್ಸಿಯ ಮೊದಲ ಆವೃತ್ತಿಗೆ ಎಚ್‌ಟಿಟಿಪಿಯ ಕನೆಕ್ಟ್ (ಇಂಥ ಸೈಟಿಗೆ ಸುರಂಗ ತೆರೆಯಿರಿ ಎನ್ನುವ ವಿನಂತಿ) ಒಂದಿದ್ದರೆ ಸಾಕು. ಸಾಕ್ಸ್5 (ಇನ್ನೊಂದು ಪ್ರಾಕ್ಸಿ ಪ್ರೋಟೋಕಾಲ್), ಕ್ಯಾಶ್ ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ಕ್ಲೈಂಟ್ ಕಳಿಸುವ ಮೊದಲ ಸಾಲಿನಲ್ಲಿ ಹೋಸ್ಟ್ ಮತ್ತು ಪೋರ್ಟ್ ಇರುತ್ತವೆ. ಖಾಲಿ ಸಾಲು ಸಿಗುವವರೆಗೆ ಹೆಡರ್ ಓದುತ್ತಾ ಹೋಗಿ. ಒಂದೇ ರೀಡ್‌ಗೆ ಪೂರ್ತಿ ಬರುತ್ತದೆಂದು ನಂಬಬೇಡಿ. 16 ಕೆಬಿ ದಾಟಿದರೆ 431 (ಹೆಡರ್ ತೀರಾ ದೊಡ್ಡದು) ಕೊಟ್ಟು ಮುಚ್ಚಿ. ಆಚೆಯ ಟಿಸಿಪಿ ಸಂಪರ್ಕ ಕೂಡಿದ ಮೇಲಷ್ಟೇ 200 (ಯಶಸ್ಸು) ಕಳಿಸಿ. ಆತುರಪಟ್ಟು ಮೊದಲೇ ಕಳಿಸಿದರೆ ಮುಂದೆ 502 (ಆಚೆಯ ಸರ್ವರ್ ಕೈಕೊಟ್ಟಿದೆ) ಹೇಳಲು ದಾರಿ ಇರುವುದಿಲ್ಲ, ಬಳಕೆದಾರರಿಗೆ ಅರ್ಥವಾಗದ ಟಿಎಲ್‌ಎಸ್ ದೋಷ ಕಾಣುತ್ತದೆ.

ಆಮೇಲೆ ಎರಡೂ ದಿಕ್ಕಿಗೆ ಬೈಟ್ ಸಾಗಿಸುವ ಕೆಲಸ. ಸುಲಭ ಅನ್ನಿಸುತ್ತದೆ, ಹೆಚ್ಚಿನ ಬಗ್ ಇರುವುದು ಇಲ್ಲೇ. ಒಂದು ಕಡೆ ಕಳಿಸುವುದು ಮುಗಿಯಿತೆಂದು ಎರಡೂ ಸಾಕೆಟ್ ಮುಚ್ಚಿದರೆ ಇನ್ನೊಂದು ದಿಕ್ಕಿನ ಡೌನ್‌ಲೋಡ್ ಅರ್ಧಕ್ಕೆ ತುಂಡಾಗುತ್ತದೆ. ಎದುರು ಸಾಕೆಟ್‌ನ ಬರೆಯುವ ಬದಿಯನ್ನು ಮಾತ್ರ ಶಟ್‌ಡೌನ್ ಮಾಡಿ. ಪಡೆಯುವವರು ನಿಧಾನವಿದ್ದರೆ ಓದುವುದನ್ನೂ ನಿಲ್ಲಿಸಿ. ಇಲ್ಲವಾದರೆ ಬಫರ್ ಬೆಳೆದು ಮೆಮೊರಿ ನುಂಗುತ್ತದೆ.

ಒಂದು ಸುರಂಗಕ್ಕೆ ಎರಡು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಸಾಕೆಟ್ಟಿಗೆ ಓಎಸ್ ಕೊಡುವ ಸಂಖ್ಯೆ) ಬೇಕು. ಮಿತಿ 1024 ಇದ್ದರೆ 512 ಸುರಂಗಕ್ಕೂ ಮೊದಲೇ ಹೊಸ ಸಂಪರ್ಕ ಸ್ವೀಕರಿಸುವ ಆಕ್ಸೆಪ್ಟ್ ಕರೆ ಸೋಲುತ್ತದೆ. ಸೋತ ಸಂಪರ್ಕ ಸರದಿಯಲ್ಲೇ ಉಳಿಯುವುದರಿಂದ ಸಾಕೆಟ್‌ಗಳನ್ನು ಗಮನಿಸುವ ಲೂಪ್ ಮತ್ತೆ ಮತ್ತೆ ಎಚ್ಚರಗೊಂಡು ಸಿಪಿಯು 100% ಮುಟ್ಟುತ್ತದೆ. ಮಿತಿ ಹತ್ತಿರವಾದಾಗ ಆಲಿಸುವ ಸಾಕೆಟ್ಟನ್ನು ತಾತ್ಕಾಲಿಕವಾಗಿ ಲೂಪ್‌ನಿಂದ ತೆಗೆಯಿರಿ.

ಡಿಫಾಲ್ಟ್ ವಿಳಾಸ 127.0.0.1 (ಲೂಪ್‌ಬ್ಯಾಕ್, ಅಂದರೆ ಸ್ವಂತ ಯಂತ್ರ ಮಾತ್ರ) ಆಗಿರಲಿ, ಕನೆಕ್ಟ್‌ಗೆ ಎಚ್‌ಟಿಟಿಪಿಎಸ್‌ನ ಪೋರ್ಟ್ 443 ಮಾತ್ರ ತೆರೆದಿರಲಿ. ಎಲ್ಲಕ್ಕೂ ಬಾಗಿಲು ತೆರೆದರೆ ಮೇಲ್ ಕಳಿಸುವ ಪೋರ್ಟ್ 25ರ ಮೂಲಕ ಸ್ಪ್ಯಾಮ್ ಹೊರಡುತ್ತದೆ. ಲೂಪ್‌ಬ್ಯಾಕ್ ಮತ್ತು ಕ್ಲೌಡ್ ಮೆಟಾಡೇಟಾದ (ಯಂತ್ರದ ಒಳವಿವರ ಕೊಡುವ ಸೇವೆ) 169.254.169.254 ತಡೆಯುವಾಗ ಹೆಸರನ್ನಲ್ಲ, ಡಿಎನ್‌ಎಸ್ ಕೊಟ್ಟ ಐಪಿಯನ್ನು ಪರೀಕ್ಷಿಸಿ, ಅದೇ ಐಪಿಗೆ ಸಂಪರ್ಕಿಸಿ. ಎರಡನೇ ಸಲ ಹೆಸರು ಕೇಳಿದರೆ ಬೇರೆ ಉತ್ತರ ಬರಬಹುದು.

ಇನ್ನು ದಾಖಲೆ. ಹೊಸ ಸೆಟ್ಟಿಂಗ್ ಸೇರಿಸುವ ಪ್ಯಾಚ್‌ನಲ್ಲೇ ಅದರ ಕೈಪಿಡಿಯ ಸಾಲೂ ಇರಬೇಕು, ಇಲ್ಲದಿದ್ದರೆ ಮರ್ಜ್ ಮಾಡಬೇಡಿ. ‘ಐಡಲ್ ಟೈಮ್‌ಔಟ್: 30’ ಎಂದು ಬಿಟ್ಟರೆ ಸೆಕೆಂಡೋ ಮಿಲಿಸೆಕೆಂಡೋ ಯಾರಿಗೆ ಗೊತ್ತು? ಹೀಗೆ ಬರೆಯಿರಿ: ‘ಸೆಕೆಂಡ್‌ಗಳಲ್ಲಿ. ಡಿಫಾಲ್ಟ್ 300. 0 ಎಂದರೆ ಮಿತಿ ಇಲ್ಲ. ಎರಡೂ ದಿಕ್ಕಿನಲ್ಲಿ ಬೈಟ್ ಹರಿಯದಿದ್ದರೆ ಮಾತ್ರ ಎಣಿಕೆ. ಬದಲಿಸಿದರೆ ರೀಲೋಡ್ ಸಾಕು, ರೀಸ್ಟಾರ್ಟ್ ಬೇಡ.’ ಮೌನವಾಗಿರುವ ವೆಬ್‌ಸಾಕೆಟ್ ಕಡಿದುಹೋಗುವುದು ಈ ಸೆಟ್ಟಿಂಗ್‌ನಿಂದಲೇ. ಅದನ್ನೂ ಅಲ್ಲೇ ಹೇಳಿ.

ದೋಷಗಳಿಗೆ ಪ್ರತ್ಯೇಕ ಪುಟ ಬೇಕು. 407 ಬಂದರೆ ಪ್ರಾಕ್ಸಿಯ ಪಾಸ್‌ವರ್ಡ್ ಬೇಕಾಗಿದೆ ಎಂದರ್ಥ, 401 ಮೂಲ ಸೈಟಿನದು. ಜನ ಗೊಂದಲಗೊಳ್ಳುವುದು ಇಲ್ಲೇ. 502 ಮತ್ತು 504ಕ್ಕೆ (ಆಚೆಯಿಂದ ಸಮಯಕ್ಕೆ ಉತ್ತರ ಬರಲಿಲ್ಲ) ನಿಮ್ಮ ಕೋಡ್ ಬರೆಯುವ ಲಾಗ್ ಸಾಲನ್ನು ಅಕ್ಷರಶಃ ಹಾಕಿ, ಹುಡುಕುವವರು ಅದನ್ನೇ ಹುಡುಕುತ್ತಾರೆ. ಪ್ರಾಕ್ಸಿ-ಆಥರೈಸೇಶನ್ ಹೆಡರ್ ಮಾತ್ರ ಲಾಗ್‌ಗೆ ಹೋಗಕೂಡದು: ಬೇಸಿಕ್ ವಿಧಾನದಲ್ಲಿ ಅದು ಬರೀ ಬೇಸ್64, ಯಾರು ಬೇಕಾದರೂ ಬಿಡಿಸಬಹುದು.

ಕೈಪಿಡಿಯ ಮಾದರಿ ಕಾನ್ಫಿಗ್‌ಗಳನ್ನು ಬೇರೆ ಫೈಲ್‌ಗಳಾಗಿಟ್ಟು, ಪ್ರತಿ ಬಿಲ್ಡ್‌ನಲ್ಲೂ ಅವುಗಳಿಂದಲೇ ಸರ್ವರ್ ಎಬ್ಬಿಸಿ, ಕರ್ಲ್‌ನಿಂದ (ಕಮಾಂಡ್ ಲೈನ್‌ನಿಂದ ವೆಬ್ ವಿನಂತಿ ಕಳಿಸುವ ಸಾಧನ) ಒಂದು ವಿನಂತಿ ಹಾಯಿಸಿ ನೋಡಿ. ಹೆಸರು ಬದಲಾದ ಸೆಟ್ಟಿಂಗ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.